ಪೊಲೀಸರಿಗೆ ಸಿಗದ ಕೊಲೆಗಾರ ಹೋಟೆಲ್ ಬೆಂಚಿನಲ್ಲಿ ಸಿಕ್ಕಿಬಿಡ್ತಾನೆ!

ರಾಮನಗರ: 2022ರ ಫೆಬ್ರುವರಿಯಲ್ಲಿ ಒಂದು ವಾರ, ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಹೆದ್ದಾರಿ ಪಕ್ಕದ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಫೆಬ್ರುವರಿ 6ರ ಭಾನುವಾರ ಬೆಳಿಗ್ಗೆ ಕೆಆರ್‌ಎಸ್‌ನ ಬಜಾರ್ ಲೈನ್‌ನ ಮನೆಯೊಂದರಲ್ಲಿ ಒಬ್ಬ ತಾಯಿ ಮತ್ತು ನಾಲ್ಕು ಮಕ್ಕಳು ಕೊಲೆಯಾಗಿ ಬಿದ್ದಿದ್ದರು. ಮೂರು ಆಕೆಯ ಮಕ್ಕಳು, ಇನ್ನೊಂದು ಸಂಬಂಧಿಕರ ಮಗು. ಗಂಡ ವ್ಯಾಪಾರಕ್ಕೆ ಅಂತ ಊರೂರು ಸುತ್ತುವವರು, ಅವತ್ತು ಮನೆಯಲ್ಲಿರಲಿಲ್ಲ. ಆ ಸುದ್ದಿ ಆರುವ ಮೊದಲೇ ಅದೇ ವಾರ ನಮ್ಮ ಬಿಡದಿ ಹತ್ತಿರದ ವಿಲ್ಲಾ ಒಂದರಲ್ಲಿ ವೃದ್ಧ ದಂಪತಿಯ ಕೊಲೆ.

ಎರಡಕ್ಕೂ ಜನ ಒಂದೇ ದಿನದಲ್ಲಿ ತೀರ್ಪು ಕೊಟ್ಟರು. "ಹೊರಗಿನೋರು ಕಣಣ್ಣ. ಕಳ್ಳತನಕ್ಕೆ ಬಂದವ್ರೆ, ಎಚ್ಚರ ಆದ್ರು ಅಂತ ಮುಗಿಸವ್ರೆ."

ಬಿಡದಿ ಪ್ರಕರಣದಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ ಮನೆಗೆಲಸದವನನ್ನು ಹಿಡಿದರು. ಹೊರ ರಾಜ್ಯದವನು. ಹೋಟೆಲ್ ಬೆಂಚಿನ ಮಾತು ಸರಿಯಾಯಿತು. ಕೆಆರ್‌ಎಸ್ ಪ್ರಕರಣದಲ್ಲಿ ಹಿಡಿದಿದ್ದು ಮೈಸೂರಿನ ಕಡೆಯ ಒಬ್ಬ ಹೆಂಗಸನ್ನು. ಆ ಮನೆಗೆ ಬಂದು ಹೋಗಿ ಮಾಡುತ್ತಿದ್ದ ಬಳಗದವಳು. ಪೊಲೀಸರು ಹೇಳಿದ ಪ್ರಕಾರ ಆಕೆ ಶವಗಳ ಮುಂದೆ ಕೂತು ಎಲ್ಲರ ಜೊತೆ ಅತ್ತಿದ್ದಳು. ಅಲ್ಲಿ ಕಳ್ಳರೂ ಇಲ್ಲ, ಹೊರಗಿನವರೂ ಇಲ್ಲ.

ಮುಂದಿನ ವಾರ ಮಾತಿನ ದಾಟಿ ಬದಲಾಯಿತು. ಬಿಡದಿ ಬಗ್ಗೆ "ನಾವು ಆವತ್ತೇ ಹೇಳಿರ್ಲಿಲ್ವಾ" ಎನ್ನುವವರು ಹತ್ತು ಜನ. ಕೆಆರ್‌ಎಸ್ ಬಗ್ಗೆ ನಾವು ತಪ್ಪು ಹೇಳಿದ್ವಿ ಅಂದವರು ಒಬ್ಬರೂ ಇಲ್ಲ. ಊರಿನ ಊಹೆಗಳ ಲೆಕ್ಕದ ಪುಸ್ತಕದಲ್ಲಿ ಜಮಾ ಮಾತ್ರ ಬರೆಯುತ್ತಾರೆ, ಖರ್ಚು ಬರೆಯುವುದಿಲ್ಲ.

ಈ ಎರಡು ಪ್ರಕರಣಗಳಲ್ಲಿ ಬಂಧನ ಬೇಗ ಆಯಿತು, ಮಾತೂ ಬೇಗ ಆರಿತು. ಬಂಧನವೇ ಆಗದೇ ಹೋದರೆ? ಒಂದು ಹಳ್ಳಿಯಲ್ಲಿ ಒಂದು ಮನೆಯವರು ಕೊಲೆಯಾಗಿ, ವರ್ಷಗಟ್ಟಲೆ ಆರೋಪಿ ಸಿಗದಿದ್ದರೆ ಆ ಊರಿನ ಬಾಯಿ ಏನೇನು ಮಾಡುತ್ತದೆ? ಇದಕ್ಕೆ ರಾಜ್ಯದಲ್ಲೇ ಒಂದು ಉದಾಹರಣೆ ಇದೆ.

13 ವರ್ಷದ ಕಡತ

2012ರ ಸೆಪ್ಟೆಂಬರ್, ಗಣೇಶನ ಹಬ್ಬದ ದಿನಗಳು. ದಕ್ಷಿಣ ಕನ್ನಡ ಜಿಲ್ಲೆ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳ ಗ್ರಾಮದಲ್ಲಿ ಆನೆ ಮಾವುತರೊಬ್ಬರು ಮತ್ತು ಅವರ ಸಹೋದರಿ ತಮ್ಮ ಮನೆಯಲ್ಲೇ ಕೊಲೆಯಾದರು. ಯಾರು ಕೊಂದರು, ಯಾಕೆ ಕೊಂದರು ಎಂಬುದು ಪತ್ತೆಯಾಗಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 9ರಂದು ಅದೇ ಊರಿನ ಕಡೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕಾಣೆಯಾಗಿ ಮಾರನೆ ದಿನ ಶವವಾಗಿ ಸಿಕ್ಕಳು. ರಾಜ್ಯದ ಗಮನವೆಲ್ಲ ಆ ಕಡೆ ಹೋಯಿತು. ಅಣ್ಣ-ತಂಗಿಯ ಜೋಡಿ ಕೊಲೆ ಪೇಪರ್‌ನ ಒಳಪುಟಕ್ಕೆ ಸರಿಯಿತು, ಆಮೇಲೆ ಅಲ್ಲಿಂದಲೂ ಹೋಯಿತು.

ಆದರೆ ಜನರ ಬಾಯಿಂದ ಹೋಗಲಿಲ್ಲ. ಪೇಪರ್ ಬಿಟ್ಟಿದ್ದನ್ನು ಜನ ಹಿಡಿದುಕೊಂಡರು. ಜಮೀನಿನ ವಿಷಯ ಎಂದು ಕೆಲವರು, ಏನೋ ನೋಡಬಾರದ್ದು ನೋಡಿದ್ದರು ಎಂದು ಕೆಲವರು. ಎರಡೂ ಸಾವುಗಳಿಗೆ ಗಂಟು ಹಾಕಿದವರೂ ಇದ್ದಾರೆ. ಯಾವುದಕ್ಕೂ ಕೋರ್ಟ್‌ನಲ್ಲಿ ನಿಲ್ಲುವ ಪುರಾವೆ ಇರಲಿಲ್ಲ. ಹೆಸರುಗಳಿಗೇನೂ ಬರ ಇರಲಿಲ್ಲ.

ವಿದ್ಯಾರ್ಥಿನಿ ಪ್ರಕರಣದಲ್ಲಿ ಆಗಿದ್ದನ್ನೂ ನೋಡಬೇಕು. ಅಲ್ಲಿ ಒಬ್ಬ ವ್ಯಕ್ತಿಯನ್ನು ಜನರೇ ಹಿಡಿದು ಪೊಲೀಸರಿಗೆ ಒಪ್ಪಿಸಿದ್ದರು. ಪೊಲೀಸ್, ಸಿಐಡಿ, ಕೊನೆಗೆ ಸಿಬಿಐ ತನಿಖೆ. 2023ರ ಜೂನ್ 16ರಂದು ಬೆಂಗಳೂರಿನ ವಿಶೇಷ ಸಿಬಿಐ ಕೋರ್ಟ್ ಆತನನ್ನು ಖುಲಾಸೆ ಮಾಡಿತು. ಹತ್ತು ವರ್ಷಕ್ಕೂ ಮೇಲೆ ಒಬ್ಬ ಮನುಷ್ಯ "ಅವನೇ ಮಾಡಿದ್ದು" ಎಂಬ ಹಣೆಪಟ್ಟಿ ಹೊತ್ತು ಓಡಾಡಿದ. ಹುಡುಗಿಯ ಮನೆಯವರಿಗೆ ಆ ಹತ್ತು ವರ್ಷದ ಕೊನೆಯಲ್ಲೂ ಕೊಂದವರು ಯಾರೆಂದು ಗೊತ್ತಾಗಲಿಲ್ಲ. ಇಬ್ಬರಿಗೂ ನಷ್ಟವೇ.

2025ರ ಜುಲೈನಲ್ಲಿ ಮತ್ತೆ ಬಿರುಗಾಳಿ ಎದ್ದಿದ್ದು ಎಲ್ಲರಿಗೂ ನೆನಪಿರಬೇಕು. ಮಾಜಿ ಸ್ವಚ್ಛತಾ ಕಾರ್ಮಿಕನೊಬ್ಬ ಮುಖ ಮುಚ್ಚಿಕೊಂಡು ಬಂದು, ನೂರಾರು ಶವ ಹೂತಿದ್ದೇನೆ ಎಂದ. ಜುಲೈ 19ರಂದು ಸರ್ಕಾರ ಪ್ರಣವ್ ಮೊಹಾಂತಿ ನೇತೃತ್ವದ ಎಸ್‌ಐಟಿ ರಚಿಸಿತು. ನೇತ್ರಾವತಿ ಸ್ನಾನಘಟ್ಟದ ಆಸುಪಾಸು ಗುರುತು ಮಾಡಿ ಅಗೆದರು. ಕೆಲವು ಕಡೆ ಮೂಳೆ ಸಿಕ್ಕಿತು, ಬಹಳಷ್ಟು ಕಡೆ ಏನೂ ಸಿಗಲಿಲ್ಲ. ಆಗಸ್ಟ್ 23ರಂದು ಆ ದೂರುದಾರನನ್ನೇ ಸುಳ್ಳು ಸಾಕ್ಷ್ಯದ ಆರೋಪದಲ್ಲಿ ಬಂಧಿಸಿದರು. ಈ ಎರಡು ತಿಂಗಳಲ್ಲಿ ಯೂಟ್ಯೂಬ್‌ನಲ್ಲಿ ಬಂದ ವಿಡಿಯೋಗಳಿಗೆ ಲೆಕ್ಕವಿಲ್ಲ. ತೆಗೆಸಿಹಾಕಬೇಕು ಎಂದು ಕೋರ್ಟಿನ ಮುಂದೆ ಇಟ್ಟ ಲಿಂಕ್‌ಗಳೇ 8,842. ಎಐನಲ್ಲಿ ಮಾಡಿದ ದೃಶ್ಯಗಳನ್ನು ನಿಜವೆಂದು ನಂಬಿ ಅತ್ತವರಿದ್ದಾರೆ. ಚನ್ನಪಟ್ಟಣದ ಸಲೂನ್‌ನಲ್ಲಿ ಕೂತವರು ಬೆಳ್ತಂಗಡಿಯ ಕಾಡಿನ ನಕ್ಷೆ ಬಿಡಿಸುವಷ್ಟು ಪಳಗಿಬಿಟ್ಟರು.

ಈ ಗದ್ದಲದ ನಡುವೆ ಒಂದು ಸಣ್ಣ ಸುದ್ದಿ ಬಂದು ಹೋಯಿತು. ಕೊಲೆಯಾದ ಮಾವುತನ ಮಕ್ಕಳು ಎಸ್‌ಐಟಿ ಮುಂದೆ ಬಂದು, ನಮ್ಮ ಅಪ್ಪ ಮತ್ತು ಅತ್ತೆಯ ಕೊಲೆಯನ್ನೂ ತನಿಖೆ ಮಾಡಿ ಎಂದು ದೂರು ಕೊಟ್ಟರು. ಹದಿಮೂರು ವರ್ಷ ಊರೆಲ್ಲ ಮಾತಾಡಿದ ಕೊಲೆಗೆ, ಮತ್ತೆ ಅರ್ಜಿ ಹಿಡಿದು ಮೆಟ್ಟಿಲು ಹತ್ತಿದವರು ಮನೆ ಮಕ್ಕಳೇ. ಮಾತಾಡಿದ ಅಷ್ಟೂ ಜನರಲ್ಲಿ ಒಬ್ಬರಿಗಾದರೂ ನಿಜಕ್ಕೂ ಏನಾದರೂ ಗೊತ್ತಿದ್ದರೆ, ಅದು ಆ ಕಡತದೊಳಗೆ ಯಾಕೆ ಹೋಗಲಿಲ್ಲ?

ಅಸಲಿ ವಿಷಯ ಇಲ್ಲೇ ಇದೆ. ಏನೂ ಗೊತ್ತಿಲ್ಲದವರು ಎಲ್ಲ ಕಡೆ ಮಾತಾಡ್ತಾರೆ. ಸ್ವಲ್ಪ ಗೊತ್ತಿರುವವರು ಎಲ್ಲೂ ಬಾಯಿ ಬಿಡಲ್ಲ. ಹೀಗಾಗಿ ಊರಲ್ಲಿ ಮಾತು ಜಾಸ್ತಿ, ಸ್ಟೇಷನ್‌ನಲ್ಲಿ ಸುಳಿವು ಕಮ್ಮಿ.

ಹಿಮದ ಮೇಲಿನ ಹೆಜ್ಜೆ

ಇದು ನಮ್ಮ ಕಡೆಯವರ ಗುಣ ಮಾತ್ರ ಅಂದುಕೊಳ್ಳಬೇಕಾಗಿಲ್ಲ. ನೂರು ವರ್ಷದ ಹಿಂದೆ ಜರ್ಮನಿಯ ಒಂದು ಹಳ್ಳಿಯಲ್ಲೂ ಹೀಗೇ ಆಗಿದೆ. ಬವೇರಿಯಾ ಪ್ರಾಂತ್ಯ, ಮ್ಯೂನಿಕ್ ಪಟ್ಟಣದಿಂದ ಸುಮಾರು 70 ಕಿ.ಮೀ. ದೂರ. ಹಿಂಟರ್‌ಕೈಫೆಕ್ ಎನ್ನುವ ಒಂಟಿ ತೋಟದ ಮನೆ. ನಮ್ಮ ಕನಕಪುರ, ಮಾಗಡಿ ಕಡೆ ಊರಿಂದ ಆಚೆ ಹೊಲದ ನಡುವೆ ಇರುತ್ತವಲ್ಲ, ಆ ಥರದ್ದು. 1922ರ ಮಾರ್ಚ್ 31ರ ರಾತ್ರಿ ಆ ಮನೆಯ ಆರು ಜನರನ್ನು ಕೊಂದರು. ಮುದುಕ ರೈತ, ಅವನ ಹೆಂಡತಿ, ವಿಧವೆ ಮಗಳು, ಆಕೆಯ ಇಬ್ಬರು ಮಕ್ಕಳು, ಅವತ್ತೇ ಕೆಲಸಕ್ಕೆ ಸೇರಿದ್ದ ಆಳು ಹೆಂಗಸು. ಗೊತ್ತಾಗಿದ್ದು ಏಪ್ರಿಲ್ 4ಕ್ಕೆ. ಇವತ್ತಿಗೂ ಪತ್ತೆಯಾಗಿಲ್ಲ.

ಕೊಲೆಗೆ ಕೆಲವು ದಿನ ಮೊದಲು ಆ ಮುದುಕ ಹಿಮದ ಮೇಲೆ ಹೆಜ್ಜೆ ಗುರುತು ನೋಡಿದ್ದ. ಕಾಡಿನಿಂದ ಮನೆ ಕಡೆ ಬಂದಿತ್ತು, ವಾಪಸ್ ಹೋದ ಗುರುತಿರಲಿಲ್ಲ. ಈ ವಿಷಯವನ್ನು ಅವನು ಅಕ್ಕಪಕ್ಕದವರಿಗೆ ಹೇಳಿದ. ಪೊಲೀಸರಿಗೆ ಹೇಳಲಿಲ್ಲ. ಕೊಲೆ ಗೊತ್ತಾದ ಮೇಲೆ ಪೊಲೀಸರು ಬರುವುದಕ್ಕೆ ಮೊದಲೇ ಜನ ಒಳಗೆ ನುಗ್ಗಿ, ಶವ ಸರಿಸಿ, ಮನೆ ತುಂಬ ಓಡಾಡಿದ್ದರು. ಇದ್ದಬದ್ದ ಗುರುತು ಅಲ್ಲೇ ಅಳಿಸಿತು. ಆಮೇಲೆ ನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಸತ್ತವರ ತಲೆಬುರುಡೆಯನ್ನು ಮ್ಯೂನಿಕ್‌ಗೆ ಸಾಗಿಸಿ ಕಣಿ ಹೇಳುವವರ ಮುಂದೂ ಇಟ್ಟರು. ಮರುವರ್ಷ ಆ ಮನೆಯನ್ನೇ ಕೆಡವಿದರು.

ಪಕ್ಕದ ಒಬ್ಬ ರೈತನ ಮೇಲೆ ಊರಿಗೆ ಅನುಮಾನ. ಶವ ಮೊದಲು ಕಂಡವರಲ್ಲಿ ಅವನೂ ಒಬ್ಬ, ಆ ಮನೆಯ ಮಗಳ ಜೊತೆ ಹಿಂದೆ ಸಂಬಂಧ ಇತ್ತು. ಇಷ್ಟು ಸಾಕಲ್ಲ. 1941ರಲ್ಲಿ ಸಾಯುವವರೆಗೂ ಅವನು ಆ ಹೆಸರು ಹೊತ್ತೇ ಬದುಕಿದ. ತನ್ನನ್ನು ಕೊಲೆಗಾರ ಅಂದವರ ಮೇಲೆ ಮಾನನಷ್ಟದ ಕೇಸು ಹಾಕಿ ಒಂದಕ್ಕಿಂತ ಹೆಚ್ಚು ಸಲ ಗೆದ್ದ. ಕೋರ್ಟ್‌ನಲ್ಲಿ ಗೆದ್ದರೂ ಊರಲ್ಲಿ ಗೆಲ್ಲಲಿಲ್ಲ.

2007ರಲ್ಲಿ ಅಲ್ಲಿನ ಪೊಲೀಸ್ ತರಬೇತಿ ಕೇಂದ್ರದ ವಿದ್ಯಾರ್ಥಿಗಳು ಈಗಿನ ವಿಧಾನದಲ್ಲಿ ಆ ಕಡತ ಮತ್ತೆ ನೋಡಿದರು. ಪುರಾವೆ ಉಳಿದಿಲ್ಲ, ಖಚಿತವಾಗಿ ಹೇಳಲಾಗದು ಎಂದರು. ತಮಗೆ ಯಾರ ಮೇಲೆ ಅನುಮಾನ ಎಂಬುದರಲ್ಲಿ ಅವರಿಗೆ ಒಮ್ಮತ ಇತ್ತು. ಆದರೂ ಹೆಸರು ಬಹಿರಂಗ ಮಾಡಲಿಲ್ಲ. ಆ ಮನೆತನದವರು ಇನ್ನೂ ಬದುಕಿದ್ದಾರೆ ಎಂಬ ಕಾರಣಕ್ಕೆ. 85 ವರ್ಷದ ಹಳೇ ಕೊಲೆ, ಆರೋಪಿ ಎಂದೋ ಸತ್ತಿರಬೇಕು, ಆದರೂ ಮೊಮ್ಮಕ್ಕಳ ಮುಖ ನೋಡಿ ಸುಮ್ಮನಾದರು. ನಮ್ಮಲ್ಲಿ ಶವ ಆಂಬುಲೆನ್ಸ್ ಹತ್ತುವ ಮೊದಲೇ ಸ್ಟೇಟಸ್‌ನಲ್ಲಿ ಫೋಟೊ ಸಮೇತ ಹೆಸರು ಬಂದಿರುತ್ತದೆ.

ನಮ್ಮಲ್ಲಿ ಮೂರೇ ಕಥೆ

ರಾಮನಗರ ಜಿಲ್ಲೆಯಲ್ಲಿ (ಈಗ ಬೆಂಗಳೂರು ದಕ್ಷಿಣ ಜಿಲ್ಲೆ ಅನ್ನಬೇಕು, ಬಾಯಿಗೆ ಇನ್ನೂ ಬಂದಿಲ್ಲ) ಯಾವುದೇ ಮನೆಯಲ್ಲಿ ಕೊಲೆಯಾಗಲಿ, ಸುತ್ತುವ ಕಥೆಗಳು ಮೂರು. ಆಸ್ತಿ, ಅನೈತಿಕ ಸಂಬಂಧ, ಹೊರಗಿನವರು. ಹಳೇ ಕೋಟೆ, ಮಂಟಪ ಹತ್ತಿರ ಇದ್ದರೆ ನಿಧಿ ಕಥೆ ನಾಲ್ಕನೆಯದು.

ಆಸ್ತಿ ಕಥೆಗೆ ಇಲ್ಲಿ ಬೇರು ಗಟ್ಟಿ. ಹತ್ತು ವರ್ಷದ ಹಿಂದೆ ಹುರುಳಿ ಚೆಲ್ಲುತ್ತಿದ್ದ ಹೊಲಕ್ಕೆ ಈಗ ಬ್ರೋಕರ್‌ಗಳು ಕಾರಿನಲ್ಲಿ ಬರುತ್ತಾರೆ. ಎಕ್ಸ್‌ಪ್ರೆಸ್ ಹೈವೇ ಬಂತು, ಭೂಸ್ವಾಧೀನದ ಪರಿಹಾರ ಬಂತು, ಹೆಣ್ಣುಮಕ್ಕಳೂ ಭಾಗ ಕೇಳುವ ಕಾನೂನು ಬಂತು. ಅಣ್ಣ-ತಮ್ಮಂದಿರ ನಡುವೆ ಒಂದು ಸಿವಿಲ್ ದಾವೆ ಇಲ್ಲದ ಮನೆ ಹುಡುಕಿದರೆ ಕಷ್ಟ. ಹಾಗಿದ್ದಾಗ ಕೊಲೆಯಾದ ಮನೆಯಲ್ಲೂ ಒಂದು ದಾವೆ ಇದ್ದೇ ಇರುತ್ತದೆ. ಅದೊಂದೇ ಕಾರಣಕ್ಕೆ ತಮ್ಮ ಕೊಲೆಗಾರ ಆಗಿಬಿಟ್ಟರೆ ತಾಲ್ಲೂಕಿನ ಅರ್ಧ ಜನ ಜೈಲಿನಲ್ಲಿರಬೇಕು.

ಜೊತೆಗೆ ಈ ಕಥೆ ಕೆಲವೊಮ್ಮೆ ನಿಜವೂ ಆಗುತ್ತದೆ. 2024ರ ಏಪ್ರಿಲ್‌ನಲ್ಲಿ ಗದಗದ ದಾಸರ ಓಣಿಯಲ್ಲಿ ಒಂದೇ ಮನೆಯಲ್ಲಿ ನಾಲ್ವರ ಕೊಲೆಯಾಯಿತು. ಮೂವರು ಕೊಪ್ಪಳದಿಂದ ಬಂದಿದ್ದ ನೆಂಟರು. ಕೆಲವೇ ದಿನದಲ್ಲಿ ಪೊಲೀಸರು ಆ ಮನೆಯ ಹಿರಿಯ ಮಗನನ್ನೇ ಬಂಧಿಸಿದರು. ಆಸ್ತಿ ವಿಷಯಕ್ಕೆ 65 ಲಕ್ಷ ರೂಪಾಯಿಗೆ ಸುಪಾರಿ ಕೊಟ್ಟಿದ್ದ ಎಂಬುದು ಪೊಲೀಸರ ಆರೋಪ. ಇಂಥ ಒಂದು ಪ್ರಕರಣ ಮುಂದಿನ ಹತ್ತು ಕೊಲೆಗಳಿಗೆ ಮಾತಿನ ಬಂಡವಾಳ. "ಗದಗದಲ್ಲಿ ಆಗ್ಲಿಲ್ವಾ?" ಅಂದರೆ ಮುಗಿಯಿತು, ಎದುರಿಗಿರುವವನು ಬಾಯಿ ಮುಚ್ಚಬೇಕು.

ಹೊರಗಿನವರ ಕಥೆಗೆ ದಂಡುಪಾಳ್ಯದ ನೆರಳು. 1990ರ ದಶಕದಲ್ಲಿ ಒಂಟಿ ಮನೆಗಳಿಗೆ ನುಗ್ಗಿ ಕೊಂದ ಆ ಗ್ಯಾಂಗ್, 2012ರಲ್ಲಿ ಬಂದ ಸಿನಿಮಾ, ಎರಡೂ ಸೇರಿ ಜನರ ತಲೆಯಲ್ಲಿ ಒಂದು ಚಿತ್ರ ಕೂತಿದೆ. ಬೆಳಿಗ್ಗೆ ನೀರು ಕೇಳಿಕೊಂಡು ಬಂದ ಅಪರಿಚಿತ ಮಧ್ಯಾಹ್ನಕ್ಕೆ ಆರೋಪಿ. ಈ ಚಿತ್ರಕ್ಕೆ ಬಲಿಯಾಗುವವರು ಯಾರೆಂದರೆ ಕೂದಲಿಗೆ ಪಾತ್ರೆ ಕೊಡುವವರು, ಕಂಬಳಿ ಮಾರುವವರು, ಕಲ್ಲು ಕ್ವಾರಿಯ ಒಡಿಶಾ ಹುಡುಗರು, ಇಟ್ಟಿಗೆ ಗೂಡಿನ ಕೆಲಸದವರು. 2018ರ ಮೇನಲ್ಲಿ ಮಕ್ಕಳ ಕಳ್ಳ ಎಂಬ ವಾಟ್ಸ್‌ಆ್ಯಪ್ ಮೆಸೇಜ್ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದ್ ಕಡೆಯ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಲ್ಲಿ ಅನುಮಾನಕ್ಕೆ ಕಾರಣ. ಎರಡೂ ಕಡೆ ಯಾವ ಮಗುವೂ ಕಾಣೆಯಾಗಿರಲಿಲ್ಲ.

ಜನ ಕೆಟ್ಟವರು ಅಂತ ಹೀಗೆ ಮಾತಾಡುವುದಲ್ಲ. ಭಯ. ಕೊಲೆಯಾದ ಊರಲ್ಲಿ ಸಂಜೆ ಡೇರಿಗೆ ಹಾಲು ಹಾಕಲು ಹೋಗುವ ಹೆಂಗಸರು ಜೊತೆ ಹುಡುಕುತ್ತಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿ ತೋಟದ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಉಳಿದವರು ರಾತ್ರಿ ಎರಡು ಸಲ ಎದ್ದು ಚಿಲಕ ನೋಡುತ್ತಾರೆ. "ಆಸ್ತಿ ವಿಷ್ಯ ಬುಡು" ಎಂದುಕೊಂಡರೆ, ನಮ್ಮ ಮನೆಗೆ ಬರಲ್ಲ ಅಂತ ನಿದ್ದೆ ಬರುತ್ತದೆ. "ಹೊರಗಿನೋರು" ಎಂದುಕೊಂಡರೆ, ನಮ್ಮ ಪಕ್ಕದ ಮನೆಯವನು ಅಲ್ಲ ಅಂತ ಸಮಾಧಾನ. ಎರಡೂ ನಿದ್ದೆ ಮಾತ್ರೆಗಳೇ. ಆ ಮಾತ್ರೆಯ ರೇಟು ಕೊಡುವವನು ಮಾತ್ರ ಬೇರೆ. ಅವನು ಸಾಮಾನ್ಯವಾಗಿ ಸತ್ತವರ ಮನೆಯಲ್ಲಿ ಬದುಕಿ ಉಳಿದವನು. ಅಳದಿದ್ದರೆ "ಕಣ್ಣಲ್ಲಿ ನೀರೇ ಇಲ್ಲ ನೋಡು", ಜೋರಾಗಿ ಅತ್ತರೆ "ನಾಟಕ ನೋಡು". ತಿಥಿ ಬೇಗ ಮಾಡಿದರೂ ಅನುಮಾನ, ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರಂತೂ ಮುಗಿದೇ ಹೋಯಿತು.

2025ರ ಮೇನಲ್ಲಿ ಬಿಡದಿ ಹತ್ತಿರದ ಕಾಲೊನಿಯೊಂದರ ಬಾಲಕಿಯ ಶವ ರೈಲ್ವೆ ಹಳಿ ಬಳಿ ಸಿಕ್ಕಾಗ ಏನಾಯಿತು ಎಂಬುದನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಮೂಹಿಕ ಅತ್ಯಾಚಾರ, ಕೊಲೆ ಎಂಬ ಮಾತು ಹರಡಿತು, ಪ್ರತಿಭಟನೆಗಳಾದವು, ನಾಯಕರು ಬಂದು ಹೋದರು. ಆಮೇಲೆ ಎಫ್‌ಎಸ್‌ಎಲ್ ವರದಿಯಲ್ಲಿ ಲೈಂಗಿಕ ದೌರ್ಜನ್ಯದ ಕುರುಹು ಇಲ್ಲ ಎಂದು ಪೊಲೀಸರು ಹೇಳಿದರು. ವರದಿ ಬರುವ ಹೊತ್ತಿಗೆ ಮೊದಲ ಮಾತನ್ನು ಶೇರ್ ಮಾಡಿದ್ದವರಲ್ಲಿ ಎಷ್ಟು ಜನ ಎರಡನೇ ಮಾತನ್ನೂ ಶೇರ್ ಮಾಡಿದರು? ಹಾಗಂತ ಅವತ್ತು ಬೀದಿಗಿಳಿದವರನ್ನು ಪೂರ್ತಿ ತಪ್ಪು ಅನ್ನುವುದೂ ಸರಿಯಲ್ಲ. ಬಡ ಕಾಲೊನಿಯ ಮಗು ಸತ್ತರೆ ಗಲಾಟೆ ಆಗದೆ ಕಡತ ಓಡಲ್ಲ ಎನ್ನುವುದು ಜನರ ಅನುಭವ. ಗಲಾಟೆ ಬೇಕಿತ್ತು. ಹೆಸರು ಹೇಳುವುದು ಬೇಕಿರಲಿಲ್ಲ.

ಪೊಲೀಸರ ಮೌನದ ಪಾಲು

ಊಹೆಗೆ ಗೊಬ್ಬರ ಹಾಕುವವರಲ್ಲಿ ಪೊಲೀಸರೂ ಇದ್ದಾರೆ. ಕೊಲೆಯಾದ ದಿನ ಎಸ್ಪಿ, ಡಿವೈಎಸ್ಪಿ, ಶ್ವಾನದಳ, ಬೆರಳಚ್ಚು ತಜ್ಞರು ಎಲ್ಲ ಬರುತ್ತಾರೆ. "ಎಲ್ಲ ಆಯಾಮದಲ್ಲೂ ತನಿಖೆ ನಡೀತಿದೆ, ಮೂರು ತಂಡ ರಚಿಸಿದ್ದೇವೆ" ಎಂಬ ಮಾತು ಬರುತ್ತದೆ. ನಾಯಿ ಹಳ್ಳದವರೆಗೆ ಹೋಗಿ ನಿಂತಿತು ಎಂಬುದು ಊರಿಗೆ ಸಿಗುವ ಕೊನೆಯ ಅಧಿಕೃತ ಮಾಹಿತಿ. ಆ ಹಳ್ಳದಾಚೆ ಯಾರ ಹೊಲ ಇದೆಯೋ ಅವನ ಗ್ರಹಚಾರ ಅವತ್ತಿಂದ ಶುರು.

ತನಿಖೆಯ ಗುಟ್ಟು ಬಿಟ್ಟುಕೊಡಲಾಗದು ಎಂಬುದು ಸರಿ. ಆದರೆ ಗುಟ್ಟು ಬೇರೆ, ಮೌನ ಬೇರೆ. ಒಬ್ಬನನ್ನು ಮೂರು ದಿನ ಸ್ಟೇಷನ್‌ಗೆ ಕರೆಸಿ ವಿಚಾರಿಸಿ, ಏನೂ ಇಲ್ಲ ಅಂತ ಕಳಿಸುತ್ತಾರೆ. ಕರೆದುಕೊಂಡು ಹೋಗುವಾಗ ಜೀಪು ಊರ ನಡುವೆ ಬರುತ್ತದೆ. ಬಿಡುವಾಗ ಅವನು ಒಬ್ಬನೇ ಬಸ್ಸಿಳಿದು ನಡೆದು ಬರುತ್ತಾನೆ. ಇವನಿಗೂ ಕೊಲೆಗೂ ಸಂಬಂಧ ಇಲ್ಲ ಎಂದು ಒಂದು ಮಾತು ಹೇಳಿದರೆ ತನಿಖೆಗೆ ನಷ್ಟವೇನು?

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನಲ್ಲಿ ಒಂದು ಒಳ್ಳೆ ಅಂಶ ಇದೆ. ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಮೊಬೈಲ್‌ನಲ್ಲಿ ತಿಳಿಸಿದರೂ ನಡೆಯುತ್ತದೆ. ಇದು ಎಷ್ಟು ಮನೆಗಳಿಗೆ ಗೊತ್ತು? ಕೇಳಿದರೆ ತಾನೆ ಹೇಳುವುದು.

ಆರೋಪಿ ಸಿಗದೇ ಹೋದರೆ ಕೊನೆಗೆ "ಸಿ ರಿಪೋರ್ಟ್" ಹಾಕುತ್ತಾರೆ. ಬಿ ರಿಪೋರ್ಟ್ ಅಂದರೆ ಎಲ್ಲರಿಗೂ ಗೊತ್ತು, ಸಿ ರಿಪೋರ್ಟ್ ಅಂದರೆ ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಿಲ್ಲ ಎಂದು. ಕೇಸು ಮುಚ್ಚಿಹೋಯ್ತು ಅಂತ ಊರು ಅಂದುಕೊಳ್ಳುತ್ತದೆ. ಹಾಗಲ್ಲ. ಕೊಲೆಗೆ ಕಾಲಮಿತಿ ಇಲ್ಲ. ಹೊಸ ಪುರಾವೆ ಸಿಕ್ಕರೆ ಇಪ್ಪತ್ತು ವರ್ಷದ ಮೇಲೂ ಮತ್ತೆ ತನಿಖೆ ಮಾಡಬಹುದು. ಮಾವುತನ ಮಕ್ಕಳು ದೂರು ಹಿಡಿದು ಬಂದಿದ್ದು ಆ ಬಾಗಿಲು ತೆರೆದೇ ಇರುವುದರಿಂದಲೇ.

ಗೊತ್ತಿರುವವರು ಯಾಕೆ ಹೇಳಲ್ಲ?

ಕಾನೂನಿನ ಪ್ರಕಾರ ಕೊಲೆಯಂಥ ಅಪರಾಧದ ಬಗ್ಗೆ ಗೊತ್ತಿದ್ದವರು ಪೊಲೀಸರಿಗೆ ತಿಳಿಸುವುದು ಕರ್ತವ್ಯ. ಕಾಗದದ ಮೇಲೆ. ನಿಜದಲ್ಲಿ ಜನ ಹೆದರುವುದು ಕೊಲೆಗಾರನಿಗಿಂತ ಕೋರ್ಟ್‌ಗೆ. ಒಂದು ಸಲ ಸಾಕ್ಷಿ ಅಂತ ಹೆಸರು ಬಿದ್ದರೆ ಅಂಗಡಿ ಮುಚ್ಚಿ ಎಷ್ಟು ಸಲ ಅಲೆಯಬೇಕೋ, ವಕೀಲರು ಏನೇನು ಕೇಳುತ್ತಾರೋ. ಜೊತೆಗೆ ಹಳ್ಳಿಯಲ್ಲಿ ಆರೋಪಿಯ ಮನೆಯವರೂ ಗಿರಾಕಿಗಳೇ, ನೆಂಟರೇ, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರೇ. ಈ ಭಯವನ್ನು ಹೇಡಿತನ ಅನ್ನುವುದು ಪೇಟೆಯಲ್ಲಿ ಕೂತವರಿಗೆ ಸುಲಭ.

ಆದರೆ ಕೆಲವು ವಿಷಯ ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಹೆಂಗಸರು, 60 ದಾಟಿದ ಗಂಡಸರು, 15ರ ಒಳಗಿನ ಹುಡುಗರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರನ್ನು ಸಾಕ್ಷಿ ಹೇಳಿಕೆಗೆ ಸ್ಟೇಷನ್‌ಗೆ ಬಾ ಎಂದು ಬಲವಂತ ಮಾಡುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಪೊಲೀಸರ ಮುಂದೆ ಕೊಟ್ಟ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಪೊಲೀಸರ ಮೇಲೆ ನಂಬಿಕೆ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ದಾಖಲಿಸುವ ದಾರಿ ಇದೆ. ಜೀವಭಯ ಇದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಠಾಣೆಯ ಮುಂದೆ ಯಾರಾದರೂ ನೋಡುತ್ತಾರೆ ಅಂತಿದ್ದರೆ ಎಸ್ಪಿ ಕಚೇರಿಗೇ ಹೋಗಿ ಹೇಳಬಹುದು, ಅಲ್ಲಿ ದಿನಾ ನೂರು ಜನ ಬೇರೆ ಬೇರೆ ಕೆಲಸಕ್ಕೆ ಬರುತ್ತಾರೆ.

ಕಂಡಿದ್ದು ಬೇರೆ, ಅನಿಸಿದ್ದು ಬೇರೆ. "ರಾತ್ರಿ ಹತ್ತೂವರೆಗೆ ಬಿಳಿ ಸ್ಕೂಟರ್ ಆ ಕಡೆ ಹೋಯ್ತು" ಎಂಬುದು ಕಂಡಿದ್ದು, ಅದು ಪೊಲೀಸರಿಗೆ ಬೇಕು. "ಅವನ ನಡವಳಿಕೆ ಮೊದಲಿಂದ ಸರಿ ಇಲ್ಲ" ಎಂಬುದು ಅನಿಸಿದ್ದು. ನಮ್ಮಲ್ಲಿ ಮೊದಲನೆಯದು ಎದೆಯಲ್ಲೇ ಉಳಿಯುತ್ತದೆ, ಎರಡನೆಯದು ಗ್ರೂಪಿಗೆ ಹೋಗುತ್ತದೆ. ಗ್ರೂಪಿಗೆ ಹಾಕಿದವನ ಮೇಲೆ ಮಾನನಷ್ಟ, ಸುಳ್ಳು ಸುದ್ದಿ ಹರಡಿದ ಕೇಸು ಬೀಳಬಹುದು. ಫಾರ್ವರ್ಡ್ ಮಾಡಿದ್ದಷ್ಟೇ ಅನ್ನುವ ಸಮಜಾಯಿಷಿ ಕೋರ್ಟ್‌ನಲ್ಲಿ ನಡೆಯುತ್ತದೆ ಎಂಬ ಭರವಸೆ ಇಲ್ಲ.

ಅಂಗಡಿಯವರಿಗೆ ಇನ್ನೊಂದು ವಿಷಯ. ಈಗ ಹಳ್ಳಿ ಸರ್ಕಲ್‌ನ ಗೊಬ್ಬರದ ಅಂಗಡಿ, ಬೇಕರಿ, ಮೆಡಿಕಲ್ ಸ್ಟೋರ್‌ಗಳಲ್ಲೂ ಸಿಸಿ ಕ್ಯಾಮೆರಾ ಇವೆ. ದಿನಕ್ಕೆ 500 ಜನ ಬಂದು ಹೋಗುವ ಜಾಗಗಳು 30 ದಿನದ ದೃಶ್ಯ ಉಳಿಸಬೇಕು ಎಂಬ ಕಾನೂನು 2017ರಿಂದ ರಾಜ್ಯದಲ್ಲಿದೆ. ಸಣ್ಣ ಅಂಗಡಿಯ ಡಿವಿಆರ್‌ಗೆ ಅಷ್ಟು ಜಾಗ ಇರುವುದಿಲ್ಲ, ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದು ಬರೆದುಕೊಂಡು ಹೋಗುತ್ತದೆ. ತಾಲ್ಲೂಕಿನಲ್ಲಿ ಕೊಲೆಯಾದ ಸುದ್ದಿ ಬಂದ ದಿನವೇ ಆ ರಾತ್ರಿಯ ದೃಶ್ಯವನ್ನು ಬೇರೆ ಕಡೆ ಕಾಪಿ ಮಾಡಿಟ್ಟು ಠಾಣೆಗೆ ಹೇಳಬೇಕು, ಡಿವಿಆರ್‌ಗೆ ಕೈ ಹಾಕಬಾರದು. ಅದನ್ನು ಪುರಾವೆಯಾಗಿ ಒಪ್ಪಿಸಲು ಪ್ರಮಾಣಪತ್ರ ಬೇಕಾಗುತ್ತದೆ, ಅದರ ನಮೂನೆ ಪೊಲೀಸರ ಹತ್ತಿರ ಇರುತ್ತದೆ. ಕ್ಲಿಪ್ಪನ್ನು ಗ್ರೂಪಿಗೆ ಹಾಕುವುದು ಬೇಡ. ಅದರಲ್ಲಿ ಕಾಣುವ ಬೈಕಿನವನು ಮಾಗಡಿ ಆಸ್ಪತ್ರೆಗೆ ಹೆಂಡತಿಗೆ ಊಟ ಒಯ್ಯುತ್ತಿದ್ದವನೂ ಆಗಿರಬಹುದು.

ಪೊಲೀಸರು ಆ ರಸ್ತೆಯ ಒಂದೊಂದೇ ಅಂಗಡಿಗೆ ಬಂದು ಕೇಳುವಷ್ಟರಲ್ಲಿ ಹತ್ತು ಹದಿನೈದು ದಿನ ಆಗಿಬಿಡುತ್ತದೆ. ಊರಲ್ಲಿ ಅಷ್ಟು ಹೊತ್ತಿಗೆ ಮೂರು ಜನ ಕೊಲೆಗಾರರು ಪತ್ತೆಯಾಗಿರುತ್ತಾರೆ. ಡಿವಿಆರ್ ಆ ರಾತ್ರಿಯನ್ನು ಅಳಿಸಿ ನಿನ್ನೆ ಮೊನ್ನೆಯ ಗಿರಾಕಿಗಳನ್ನು ಬರೆದುಕೊಂಡಿರುತ್ತದೆ.